ನಮಗೆ ಬೇರೆ ಶಾಖೆಗಳಿಲ್ಲ

ಜೂನ್ ೨

ದೊಡ್ಡಪ್ಪನಿಗೆ ನಮಸ್ಕಾರ.

ನಾನಿಲ್ಲಿ ಕ್ಷೇಮ. ಫೋನ್ ಮಾಡೋಣವೆಂದರೆ ನನ್ನ ದನಿ ನಿಮ್ಮ ಕಿವಿಗೆ ತಲುಪುವುದಿಲ್ಲ. ನೀವು ಫೋನನ್ನು ದೊಡ್ಡಮ್ಮನ ಕೈಗೆ ಕೊಡುತ್ತೀರಿ, ದೊಡ್ಡಮ್ಮ ‘ಊಟ ಆಯ್ತಾ’ ಎಂದು ಕೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಈ ಪತ್ರ.

ಒಂದು ಚಿಕ್ಕ ಉಪಕಾರ ಆಗಬೇಕು. ಕಾಲೇಜಿನಲ್ಲಿ ಹೊಸ ಮಕ್ಕಳ ಸೇರ್ಪಡೆ ಹತ್ತಿರ ಬಂತು. ಬೇಕಿದ್ದವರು ಒಂದು ಹೊರದೇಶದ ಭಾಷೆಯನ್ನೂ ತೆಗೆದುಕೊಳ್ಳಬಹುದು. ಕಾಲೇಜು ಓದುವವರು ಜರ್ಮನ್ ಯಾಕೆ ಕಲಿಯಬೇಕು ಎಂದು ನಾಲ್ಕು ಸಾಲು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕು. ನಾನು ಬರೆದದ್ದನ್ನು ಓದಿದರೆ ನನಗೇ ಆಕಳಿಕೆ ಬರುತ್ತದೆ. ನೀವು ಅಷ್ಟು ವರ್ಷ ಬೋರ್ಡು ಬರೆದವರು. ನಿಮ್ಮ ಊರಿನ ಅರ್ಧ ಅಂಗಡಿಗಳ ಹಣೆಬರಹ ನಿಮ್ಮ ಕೈಯದೇ. ಬಿಡುವಾದಾಗ ನಾಲ್ಕು ಸಾಲು ಯೋಚಿಸಿ ಕಳಿಸಿ. ಅವಸರವೇನಿಲ್ಲ.

ಮಿಕ್ಕಂತೆ ಎಲ್ಲ ಚೆನ್ನಾಗಿದೆ.

ನಿಮ್ಮ ತಮ್ಮನ ಮಗಳು


ಜೂನ್ ೯

ನಮ್ಮ ಮೌನಗೌರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನೀನು ಹುಟ್ಟಿ ಮೂರು ವರ್ಷವಾದರೂ ಬಾಯಿ ಬಿಡದೆ ಕೂತಿದ್ದಾಗ ನಾನಿಟ್ಟ ಹೆಸರಿಗೆ ಇವತ್ತಿಗೂ ಮೋಸ ಮಾಡಿಲ್ಲ ನೀನು. ಇಷ್ಟು ಚಿಕ್ಕ ಪತ್ರವನ್ನು ನಾನು ಎರಡು ಸಲ ಓದಿದೆ, ನಿನ್ನ ದೊಡ್ಡಮ್ಮ ನಾಲ್ಕು ಸಲ ಓದಿದಳು. ಓದಿ ಕನ್ನಡಕ ತೆಗೆದು, ‘ಹುಡುಗಿ ಏನೋ ಮುಚ್ಚಿಡ್ತಿದ್ದಾಳೆ. ಯಾರೋ ಜರ್ಮನ್ ಹುಡುಗ ಇರಬೇಕು’ ಅಂದಳು. ಇದ್ದರೆ ತಿಳಿಸು. ಅವರ ಹೆಸರುಗಳು ಉದ್ದ ಅಂತಾರೆ, ಮದುವೆ ಬೋರ್ಡಿಗೆ ಹಲಗೆ ಮೊದಲೇ ನೋಡಿಟ್ಟಿರಬೇಕು.

ಆದರೆ ನನಗೆ ಬೇರೆ ಅನುಮಾನ. ನಾನು ಐದನೇ ಕ್ಲಾಸಿನ ತನಕ ಓದಿದವನು, ಮಿಕ್ಕದ್ದೆಲ್ಲ ಏಣಿಯ ಮೇಲೆ ನಿಂತು ಕಲಿತದ್ದು. ಅಲ್ಲಿಂದ ಕಂಡ ಒಂದು ಸಂಗತಿ ಹೇಳುತ್ತೇನೆ. ಬೋರ್ಡು ಬರೆಸಲು ಬರುವವರು ಎರಡೇ ತರಹ. ಒಬ್ಬ ಅಂಗಡಿ ತೆರೆಯುವವನು, ಇನ್ನೊಬ್ಬ ಅಂಗಡಿ ಮುಚ್ಚಿಹೋದೀತು ಎಂದು ಹೆದರಿದವನು. ವ್ಯಾಪಾರ ಚೆನ್ನಾಗಿರುವವನು ಬೋರ್ಡಿನ ಧೂಳು ಕೂಡ ಒರೆಸುವುದಿಲ್ಲ. ನೀನು ಜರ್ಮನ್ ಕಲಿಸುವ ಅಂಗಡಿ ತೆರೆದು ಆರು ವರ್ಷವಾಯಿತು. ಇಷ್ಟು ದಿನ ಇಲ್ಲದ ಬೋರ್ಡಿನ ಮಾತು ಈಗ ಯಾಕೆ ಬಂತು? ‘ಅವಸರವೇನಿಲ್ಲ’ ಎಂದು ಬೇರೆ ಬರೆದಿದ್ದೀಯ. ಅವಸರ ಇಲ್ಲದವರು ಹಾಗೆ ಬರೆಯುವುದಿಲ್ಲ.

ಇನ್ನೊಂದು. ಬೋರ್ಡು ಬರೆಯುವ ಮೊದಲು ನಾನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಈ ಅಂಗಡಿ ಯಾಕೆ ಇಟ್ಟಿರಿ? ಗುಂಡಿ ಅಂಗಡಿಯವನು ಮೊದಲು ‘ಜನಸೇವೆ’ ಅಂದ. ನಾನು ಬ್ರಷ್ಷು ಕೆಳಗಿಟ್ಟೆ. ಆಮೇಲೆ ಮೆಲ್ಲಗೆ, ‘ಹೆಂಡತಿ ಮನೆಯವರೆಲ್ಲ ದರ್ಜಿಗಳು. ನನ್ನ ಕಂಡ್ರೆ ಅವರಿಗೆ ಅಷ್ಟಕ್ಕಷ್ಟೆ. ಅಂಗಿ ಹೊಲಿದು ಕೊನೆಗೆ ಎಲ್ಲರೂ ನನ್ನ ಹತ್ರಾನೇ ಬರಬೇಕಲ್ಲ’ ಅಂದ. ನಿಜ ಕಾರಣ ಸಿಕ್ಕ ಮೇಲೆ ಕೈ ತಾನೇ ಓಡಿತು. ಆ ಬೋರ್ಡಿನ ಒಂದೊಂದು ಅಕ್ಷರವೂ ಎದೆಯುಬ್ಬಿಸಿ ನಿಂತಿದೆ, ಈಗಲೂ ಹೋಗಿ ನೋಡಬಹುದು.

ಆದ್ದರಿಂದ ಹೇಳು. ಬೇರೆಯವರ ಮಾತು ಇರಲಿ, ನೀನು ಜರ್ಮನ್ ಯಾಕೆ ಕಲಿತೆ?

ದೊಡ್ಡಪ್ಪ


ಜೂನ್ ೧೬

ದೊಡ್ಡಪ್ಪನಿಗೆ ನಮಸ್ಕಾರ.

ಜರ್ಮನ್ ಹುಡುಗ ಯಾರೂ ಇಲ್ಲ. ದೊಡ್ಡಮ್ಮನಿಗೆ ಹೇಳಿ.

ನಿಮ್ಮ ಅನುಮಾನ ಸರಿ. ಅಪ್ಪನಿಗೆ ಮಾತ್ರ ತಿಳಿಸಬೇಡಿ. ನಾನು ಜರ್ಮನ್ ವಿಭಾಗದ ಮುಖ್ಯಸ್ಥೆ ಎಂದು ಅಪ್ಪ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಅದು ಸುಳ್ಳಲ್ಲ. ವಿಭಾಗದಲ್ಲಿ ಇರುವವಳು ನಾನೊಬ್ಬಳೇ, ಹಾಗಾಗಿ ನಾನೇ ಮುಖ್ಯಸ್ಥೆ. ವಿಭಾಗವೆಂದರೆ ಮೊದಲ ಮಹಡಿಯ ಮೂಲೆಯ ಕೋಣೆ, ಒಂದು ಮೇಜು, ಒಂದು ಭೂಪಟ. ಹೋದ ವರ್ಷ ಒಂಬತ್ತು ಜನ ಸೇರಿದ್ದರು, ಈಗ ಮೂವರು ಉಳಿದಿದ್ದಾರೆ. ಅವರಲ್ಲಿ ಒಬ್ಬ ಕಿಟಕಿ ಪಕ್ಕದ ಗಾಳಿಗೆ ಬರುತ್ತಾನೆ.

ಪ್ರಿನ್ಸಿಪಾಲರು ಕರೆದು ಹೇಳಿದರು: ‘ಜುಲೈ ಮುಗಿಯೋದ್ರೊಳಗೆ ಒಟ್ಟು ಹನ್ನೆರಡು ಜನ ತೋರಿಸಿ. ಇಲ್ಲಾಂದ್ರೆ ಆ ಕೋಣೆ ಟೇಬಲ್ ಟೆನಿಸ್‌ಗೆ, ನೀವು ಪರೀಕ್ಷಾ ವಿಭಾಗಕ್ಕೆ.’ ಪರೀಕ್ಷಾ ವಿಭಾಗದಲ್ಲಿ ಉತ್ತರ ಪತ್ರಿಕೆಗಳನ್ನು ಕಟ್ಟು ಕಟ್ಟಿ ಮೊಹರು ಒತ್ತಬೇಕು. ದಿನವಿಡೀ ಯಾರೊಡನೆಯೂ ಮಾತಾಡಬೇಕಾಗಿಲ್ಲ. ನನಗೆ ತಕ್ಕ ಕೆಲಸ ಎಂದು ಮನೆಯಲ್ಲಿ ಎಲ್ಲರೂ ನಗುತ್ತೀರೇನೋ.

ನಾನು ಬರೆದಿರುವ ಕಾರಣಗಳು ಇವು. ಅಲ್ಲಿನ ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುವ ಖರ್ಚು ಕಡಿಮೆ. ನರ್ಸುಗಳಿಗೆ, ಎಂಜಿನಿಯರುಗಳಿಗೆ ಕೆಲಸಗಳಿವೆ. ವಿಜ್ಞಾನ, ಸಂಗೀತ, ತತ್ವಶಾಸ್ತ್ರದ ಪುಸ್ತಕಗಳನ್ನು ಮೂಲದಲ್ಲೇ ಓದಬಹುದು. ಎಷ್ಟೋ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪೂರ್ತಿ ಕೇಳುವ ಅಭ್ಯಾಸವಾಗುತ್ತದೆ. ಎಲ್ಲವೂ ನಿಜ, ಎಲ್ಲವೂ ಆಕಳಿಕೆ.

ನಾನು ಯಾಕೆ ಕಲಿತೆ ಎಂದರೆ ವಿಶೇಷವೇನಿಲ್ಲ. ಸೇರ್ಪಡೆಯ ದಿನ ಅದೇ ಸಿಕ್ಕಿತು, ಕಲಿತೆ.

ನಿಮ್ಮ ಮಗಳು


ಜೂನ್ ೨೩

ಮೌನಗೌರಿಗೆ ಆಶೀರ್ವಾದಗಳು.

ನಿನ್ನಪ್ಪನಿಗೆ ಹೇಳುವುದಿಲ್ಲ. ಅವನಿಗೆ ಹೇಳಿದರೆ ಅವನೇ ಬಂದು ಮೊದಲ ಬೆಂಚಿನಲ್ಲಿ ಕೂತಾನು.

ನಾನು ಕೈಕಟ್ಟಿ ಕೂತಿಲ್ಲ. ಈ ವಾರ ಕಂಡಕಂಡವರನ್ನೆಲ್ಲ ‘ಜರ್ಮನ್ ಯಾಕೆ ಕಲಿಯಬೇಕು’ ಎಂದು ಕೇಳಿದೆ. ಮೊದಲು ಹಲ್ಲಿನ ಡಾಕ್ಟರು. ಅವರ ಕುರ್ಚಿ ಅಲ್ಲಿಂದ ಬಂದದ್ದು. ಅದರಲ್ಲಿ ಒಂದು ಕೆಂಪು ಗುಂಡಿ ಇದೆಯಂತೆ, ಕೆಳಗೆ ಏನೋ ಬರೆದಿದೆ. ‘ಒಂಬತ್ತು ವರ್ಷದಿಂದ ಅದನ್ನ ಒತ್ತದೆ ಬದುಕಿದ್ದೀನಿ, ಏನಂತ ಗೊತ್ತಾದ್ರೆ ನೆಮ್ಮದಿ’ ಅಂದರು. ಹಾಗೆ ಹೇಳುವಾಗ ನಾನು ಅದೇ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೆ.

ಲೇತ್ ಕಾರ್ಖಾನೆಯವನು ಹೇಳಿದ: ‘ಮಿಷನ್ ಕೆಟ್ಟಾಗ ಅಲ್ಲಿಂದ ಒಬ್ಬ ಬರ್ತಾನೆ. ಅವರ ಭಾಷೇಲಿ ಏನೋ ಗೊಣಗ್ತಾನೆ, ತಕ್ಷಣ ಶುರುವಾಗುತ್ತೆ. ನಾನು ನಮ್ಮ ಭಾಷೇಲಿ ಎಷ್ಟು ಬೈದರೂ ಕದಲಲ್ಲ.’

ಎದುರುಮನೆ ದರ್ಜಿಯ ಮಗಳು ನರ್ಸು, ಅವಳು ನಿಜವಾಗಿ ಕಲಿಯುತ್ತಿದ್ದಾಳೆ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಗುತ್ತದಂತೆ. ‘ಸೂಜಿ ಚುಚ್ಚೋಕೆ ಭಾಷೆ ಯಾಕಮ್ಮ’ ಎಂದೆ. ‘ಚುಚ್ಚೋಕಲ್ಲ ಅಜ್ಜ, ಎಲ್ಲಿ ನೋವು ಅಂತ ಕೇಳೋಕೆ’ ಅಂದಳು. ಇದನ್ನು ಬರೆದುಕೋ, ಚೆನ್ನಾಗಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕ್ರಿಯಾಪದ ಕೊನೆಗೆ ಬರುವ ವಿಚಾರ. ಕೊನೆಯ ತನಕ ಕೇಳದೆ ಅವರು ಜಗಳವನ್ನೂ ಆಡುವಂತಿಲ್ಲ. ನಮ್ಮ ಮನೆಗೆ ಬೇಕಾಗಿದ್ದ ಭಾಷೆ ಇದು ಎಂದು ನಿನ್ನ ದೊಡ್ಡಮ್ಮನಿಗೆ ಹೇಳಿದೆ. ಅವಳು, ‘ನಮ್ಮ ಮಾತಲ್ಲೂ ಕೊನೆಗೇ ಬರೋದು. ನೀವು ಯಾವತ್ತು ಕೊನೆ ತನಕ ಕೇಳಿದ್ದೀರಿ’ ಅಂದಳು. ಆಮೇಲೂ ಏನೋ ಹೇಳಿದಳು, ನಾನು ಅಷ್ಟರಲ್ಲಿ ಹೊರಗೆ ಬಂದಿದ್ದೆ.

ಸುಮ್ಮನೆ ಕೇಳುತ್ತೇನೆ: ನಿಮ್ಮ ಕಾಲೇಜಿನ ಗೇಟು ಎಷ್ಟು ಅಗಲ? ಮೆಟ್ಟಿಲು ಎಡಕ್ಕೋ ಬಲಕ್ಕೋ? ಇಲ್ಲಿ ನನಗೆ ಕೈತುಂಬ ಕೆಲಸ, ಪುರುಸೊತ್ತೇ ಇಲ್ಲ. ಆದರೂ ನಿನಗಾಗಿ ಹೇಗೋ ಬಿಡುವು ಮಾಡಿಕೊಳ್ಳುತ್ತೇನೆ.

‘ಅದೇ ಸಿಕ್ಕಿತು, ಕಲಿತೆ’ ಎಂದು ಬರೆದಿದ್ದೀಯ. ಗುಂಡಿ ಅಂಗಡಿಯವನ ‘ಜನಸೇವೆ’ಯ ಹಾಗಿದೆ. ಬ್ರಷ್ಷು ಕೆಳಗಿಟ್ಟಿದ್ದೇನೆ.

ದೊಡ್ಡಪ್ಪ

ಮಗಳೇ, ಅಂಚಿನಲ್ಲಿ ಜಾಗ ಇದೆ ಅಂತ ನಾನು ಬರೀತಿದ್ದೀನಿ. ಕೈತುಂಬ ಕೆಲಸ ಅನ್ನೋದು ಸುಳ್ಳು. ಎಲ್ಲರೂ ಈಗ ಫ್ಲೆಕ್ಸ್ ಹಾಕಿಸ್ತಾರೆ. ಇವರು ನಮ್ಮ ಬಾಗಿಲಿಗೇ ಈ ವರ್ಷ ಮೂರು ಸಲ ಬಣ್ಣ ಹೊಡೆದರು. ಬೆಕ್ಕಿನ ಬಾಲ ಹಸಿರಾಗಿದೆ. ಹುಡುಗ ಇಲ್ಲ ಅಂತ ಅಷ್ಟು ಬೇಗ ಯಾಕೆ ಬರೆದೆ? — ದೊಡ್ಡಮ್ಮ


ಜೂನ್ ೩೦

ದೊಡ್ಡಪ್ಪನಿಗೆ ನಮಸ್ಕಾರ.

ಗೇಟಿನ ಅಗಲ ಯಾಕೆ ಕೇಳಿದಿರಿ ಎಂದು ಎರಡು ದಿನ ಯೋಚಿಸಿದೆ. ದಯವಿಟ್ಟು ಬೋರ್ಡು ಬರೆಯಬೇಡಿ. ಪ್ರಿನ್ಸಿಪಾಲರು ಕೊಟ್ಟಿರುವುದು ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆಯ ಜಾಗ, ಅದೂ ಕಳೆದುಹೋದ ಕೊಡೆಯ ಪ್ರಕಟಣೆ ತೆಗೆದ ಮೇಲೆ. ನನಗೆ ಬೇಕಿರುವುದು ಬರೀ ನಾಲ್ಕು ಸಾಲು.

ಮೆಟ್ಟಿಲು ಗೇಟಿನಿಂದ ಬರುವವರಿಗೆ ಬಲಕ್ಕೆ. ಕೇಳಿದಿರಿ ಎಂದು ಹೇಳಿದೆ ಅಷ್ಟೆ.

ಇಲ್ಲಿಯ ತನಕ ಹೊಸದಾಗಿ ಯಾರೂ ಸೇರಿಲ್ಲ. ಕಿಟಕಿ ಪಕ್ಕದ ಹುಡುಗ ಮಾತ್ರ ತಪ್ಪದೆ ಬರುತ್ತಿದ್ದಾನೆ.

ನಿಮ್ಮ ಮಗಳು


ಜುಲೈ ೫

ಮೌನಗೌರಿಗೆ ಆಶೀರ್ವಾದಗಳು.

ನಿನ್ನ ಪತ್ರ ಇವತ್ತು ಬಂತು. ಬೋರ್ಡು ನಿನ್ನೆಯೇ ಲಾರಿ ಹತ್ತಿತು. ಇಬ್ಬರೂ ದಾರಿಯಲ್ಲಿ ಎದುರಾಗಿ ಮಾತಾಡಿಕೊಂಡಿರಬೇಕು.

ಹೆದರಬೇಡ. ಅಂಥ ದೊಡ್ಡದೇನಲ್ಲ. ಮೆಟ್ಟಿಲು ಯಾವ ಕಡೆ ಎಂದು ಗೊತ್ತಿರಲಿಲ್ಲವಾದ್ದರಿಂದ ದಾರಿ ತೋರಿಸುವ ಬಾಣವನ್ನು ಬೇರೆ ತಗಡಿನಲ್ಲಿ ಕತ್ತರಿಸಿ ಒಂದೇ ಬೋಲ್ಟಿನಲ್ಲಿ ಕೂರಿಸಿದ್ದೇನೆ. ಜಾಗ ನೋಡದೆ ಬರೆಯುವಾಗ ನಾವು ಮಾಡುವುದೇ ಹಾಗೆ. ಎಡಕ್ಕೋ ಬಲಕ್ಕೋ ತಿರುಗಿಸಿ ಬಿಗಿ ಮಾಡಿಸು. ಬಾಣ ಸ್ವಲ್ಪ ದೊಡ್ಡದಾಗಿದೆ. ಬೇಕೆಂದೇ ಮಾಡಿದ್ದು. ಅಕ್ಷರ ಓದುವವರು ಸಾವಕಾಶವಾಗಿ ಬರುತ್ತಾರೆ, ಅವಸರದಲ್ಲಿರುವವರು ಬಾಣ ಮಾತ್ರ ನೋಡುತ್ತಾರೆ.

ನೀನು ಕಾರಣ ಹೇಳಲಿಲ್ಲ. ಇದ್ದದ್ದರಲ್ಲೇ ಬರೆದಿದ್ದೇನೆ. ಆದರೂ ಒಂದು ಸಾಲು ನನ್ನ ಮನಸ್ಸಿನಿಂದ ಬಂದದ್ದು, ಓದಿದಾಗ ನಿನಗೇ ತಿಳಿಯುತ್ತದೆ. ಅದಕ್ಕೆ ಮಾತ್ರ ಕೆಂಪಿನ ಮೇಲೆ ಹಳದಿ ನೆರಳು ಕೊಟ್ಟಿದ್ದೇನೆ.

ದೊಡ್ಡಪ್ಪ


ಜುಲೈ ೧೨

ದೊಡ್ಡಪ್ಪನಿಗೆ,

ಬೋರ್ಡು ಬಂತು. ಇಳಿಸಲು ನಾಲ್ಕು ಜನ ಬೇಕಾಯಿತು. ಕಾಲೇಜಿನ ಯಾವ ಬಾಗಿಲಿನಲ್ಲೂ ಅದು ಹಿಡಿಸಲಿಲ್ಲ. ಕೊನೆಗೆ ಕಾವಲುಗಾರ ಅದನ್ನು ಗೇಟಿನ ಪಕ್ಕ ಹೊರಗೋಡೆಗೆ ನಿಲ್ಲಿಸಿದ, ಬಸ್ ನಿಲ್ದಾಣಕ್ಕೆ ನೇರ ಎದುರು. ಈಗ ಊರಿಗೆ ಊರೇ ಓದುತ್ತಿದೆ. ನೀವು ಬರೆದದ್ದನ್ನು ನೀವೇ ಇನ್ನೊಮ್ಮೆ ಓದಲೆಂದು ಇಲ್ಲಿ ಇಳಿಸುತ್ತೇನೆ:

‘ಜರ್ಮನ್ ಭಾಷೆಯನ್ನು ಶುದ್ಧವಾಗಿಯೂ ಸಾವಕಾಶವಾಗಿಯೂ ಕಲಿಸಲಾಗುವುದು. ಓದಿಗೆ, ಉದ್ಯೋಗಕ್ಕೆ, ಯಂತ್ರಕ್ಕೆ, ರೋಗಿಗೆ, ಜಗಳಕ್ಕೆ. ಕೊನೆಯ ತನಕ ಕೇಳುವವರ ಭಾಷೆ. ಕಲಿಸುವವರು: ನಮ್ಮ ಮೌನಗೌರಿ. ನಮಗೆ ಬೇರೆ ಶಾಖೆಗಳಿಲ್ಲ.’

ಪ್ರಿನ್ಸಿಪಾಲರು ಕರೆಸಿದರು. ‘ಬೇರೆ ಶಾಖೆಗಳಿಲ್ಲ ಅಂದ್ರೆ ಏನಮ್ಮ? ಇದು ಕಾಲೇಜೋ ಬಟ್ಟೆ ಅಂಗಡಿಯೋ?’ ಎಂದರು. ಜುಲೈ ಮುಗಿದೊಡನೆ ತೆಗೆಸಬೇಕು ಎಂದರು. ಜುಲೈ ಮುಗಿದರೆ ನನ್ನನ್ನೂ ತೆಗೆಯುತ್ತಾರೆ, ಎರಡನ್ನೂ ಒಂದೇ ಗಾಡಿಗೆ ಹಾಕಬಹುದು.

ಅದೆಲ್ಲ ಹೋಗಲಿ. ಆ ಕೆಂಪು ಸಾಲು ಯಾಕೆ ಬರೆದಿರಿ? ಮಾತು ಕಲಿಸುವವಳ ಹೆಸರು ಮೌನಗೌರಿ ಎಂದು ಹುಡುಗರು ಬೋರ್ಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ, ಬೆರಳನ್ನು ತುಟಿಯ ಮೇಲಿಟ್ಟುಕೊಂಡು. ಇಷ್ಟು ದೂರ ಬಂದು, ಇನ್ನೊಂದು ಭಾಷೆ ಕಲಿತು, ಆರು ವರ್ಷ ಕಲಿಸಿದರೂ ಆ ಹೆಸರು ಲಾರಿಯಲ್ಲಿ ನನ್ನ ಹಿಂದೆಯೇ ಬಂದಿತಲ್ಲ.

ಹೊಸಬರು ಯಾರೂ ಸೇರಿಲ್ಲ.

ಮಗಳು


ಜುಲೈ ೧೬

ಮಗಳಿಗೆ ಆಶೀರ್ವಾದಗಳು.

ಅಕ್ಷರ ಅಳಿಸುವುದು ಹೀಗೆ. ಹಳೆಯ ಹತ್ತಿ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದು. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸು, ಗುಂಡಗೆ ಉಜ್ಜಬೇಡ, ಉಜ್ಜಿದರೆ ಕೆಂಪು ಹರಡಿ ಗಾಯದ ಹಾಗೆ ಕಾಣುತ್ತದೆ. ಬೆಳಗಿನ ತಂಪಿನಲ್ಲೇ ಮಾಡು. ಬಿಸಿಲು ಬಿದ್ದರೆ ಬಣ್ಣ ಬಿಡುವುದಿಲ್ಲ.

ನಾನು ಆ ಸಾಲನ್ನು ನಿನ್ನ ಅಂಗಡಿಯ ಮೇಲ್ಮೆ ಎಂದುಕೊಂಡು ಬರೆದೆ.

ದೊಡ್ಡಪ್ಪ

ಮಗಳೇ, ಪತ್ರ ಓದಿದ ಮೇಲೆ ಇವರು ಎರಡು ದಿನದಿಂದ ರೇಡಿಯೊ ಹಾಕಿಲ್ಲ. ಮೂರು ವರ್ಷದಲ್ಲಿ ಇವರು ಬರೆದ ಮೊದಲನೇ ಬೋರ್ಡು ಅದು. ಏಣಿ ಹಿಡ್ಕೊಂಡಿದ್ದವಳು ನಾನೇ. ‘ಆ ಸಾಲು ಬೇಡ ರೀ, ದೊಡ್ಡವಳಾಗಿದ್ದಾಳೆ, ಬೇಜಾರು ಮಾಡ್ಕೋತಾಳೆ’ ಅಂತ ಕೆಳಗಿನಿಂದ ಹೇಳ್ತಾನೇ ಇದ್ದೆ. ಕೊನೆ ತನಕ ಕೇಳಲಿಲ್ಲ. ನೀನು ಒರೆಸು, ಪರವಾಗಿಲ್ಲ. ಊಟ ಸರಿಯಾಗಿ ಮಾಡು. — ದೊಡ್ಡಮ್ಮ


ಜುಲೈ ೨೬

ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ ನಮಸ್ಕಾರ.

ಇದು ಉದ್ದ ಪತ್ರ. ಕೂತುಕೊಂಡು ಓದಿ.

ಮೊನ್ನೆ ಸೋಮವಾರ ಹೊಸ ಮಕ್ಕಳೆಲ್ಲ ಬರುವ ದಿನ. ಅವರು ಬರುವ ಮೊದಲೇ ಆ ಸಾಲು ಅಳಿಸಿಬಿಡೋಣ ಎಂದು ಬಟ್ಟೆ, ಟರ್ಪೆಂಟೈನ್ ಹಿಡಿದು ಹೊರಟೆ. ಬಸ್ಸು ತಡವಾಯಿತು. ಗೇಟಿಗೆ ಬರುವಷ್ಟರಲ್ಲಿ ಆಗಲೇ ಗದ್ದಲ. ಮೆಟ್ಟಿಲ ಮೇಲೆ ಒಂದು ಸಾಲು ನಿಂತಿತ್ತು, ಅಂಗಳದ ತನಕ ಬಂದಿತ್ತು. ಸಾಲು ಎಲ್ಲಿ ಶುರುವಾಗಿದೆ ಎಂದು ಪಕ್ಕದಿಂದ ಹತ್ತಿಹೋಗಿ ನೋಡಿದರೆ, ನನ್ನ ಕೋಣೆಯ ಬಾಗಿಲಲ್ಲಿ.

ಮೊದಲ ಹುಡುಗನನ್ನು ಕೇಳಿದೆ. ‘ಬಸ್ ಪಾಸಿಗೆ’ ಅಂದ. ಪಾಸಿನ ಕಿಟಕಿ ಕೆಳಗೆ ಎಡಗಡೆ, ಅದಕ್ಕೆ ಅಂಗೈಯಷ್ಟು ಚೀಟಿ ಅಂಟಿಸಿದ್ದಾರೆ, ಯಾರಿಗೂ ಕಾಣುವುದಿಲ್ಲ. ನಿಮ್ಮ ಬಾಣ ಇಡೀ ಬೀದಿಗೆ ಕಾಣುತ್ತದೆ. ನೀವು ಹೇಳಿದ ಹಾಗೆಯೇ, ಅವಸರದಲ್ಲಿದ್ದವರು ಅಕ್ಷರ ಓದಲಿಲ್ಲ.

‘ಇದು ಪಾಸಿನ ಸಾಲಲ್ಲ’ ಎಂದೆ. ನನ್ನ ದನಿ ಮೂರನೆಯವನನ್ನೂ ದಾಟಲಿಲ್ಲ. ಬಾಯಿಂದ ಬಾಯಿಗೆ ಹೋಗಿ ಮೆಟ್ಟಿಲ ಬುಡ ತಲುಪುವಷ್ಟರಲ್ಲಿ ಅದು ‘ಈ ವರ್ಷ ಪಾಸೇ ಇಲ್ಲವಂತೆ’ ಎಂದಾಗಿತ್ತು. ಕೆಳಗಿನವರು ಮೇಲಕ್ಕೆ ನುಗ್ಗಿದರು. ನಾನು ಕುರ್ಚಿಯ ಮೇಲೆ ಹತ್ತಿ ನಿಂತೆ. ಆರು ವರ್ಷದಿಂದ ಪ್ರತಿ ಪಾಠದ ಮೊದಲು ಹೇಳುವ ವಾಕ್ಯ ತಾನಾಗಿ ಬಾಯಿಗೆ ಬಂತು: ‘ದಯವಿಟ್ಟು ಎಲ್ಲರೂ ಕೂತುಕೊಳ್ಳಿ.’ ಜರ್ಮನಿನಲ್ಲಿ. ಅಂಗಳದ ತನಕ ಕೇಳುವಷ್ಟು ಗಟ್ಟಿಯಾಗಿ, ಎರಡೂ ಕೈ ಕೆಳಕ್ಕೆ ಆಡಿಸುತ್ತ.

ದೊಡ್ಡಪ್ಪ, ಎಲ್ಲರೂ ಕೂತುಬಿಟ್ಟರು. ಮೆಟ್ಟಿಲ ಮೇಲೆ, ಓಣಿಯಲ್ಲಿ, ಅಂಗಳದ ಮಣ್ಣಿನಲ್ಲಿ. ಮೇಲೆ ಬರುತ್ತಿದ್ದ ಪ್ರಿನ್ಸಿಪಾಲರು ಕಾಲಿಡಲು ಜಾಗವಿಲ್ಲದೆ ಅರ್ಧ ಮೆಟ್ಟಿಲಲ್ಲಿ ನಿಂತರು.

ಮುಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: ‘ಮೇಡಂ, ಬೋರ್ಡಲ್ಲಿರೋ ಮೌನಗೌರಿ ನೀವೇನಾ?’

ಎಲ್ಲರೂ ನಕ್ಕರು. ನನಗೂ ತಡೆಯಲಾಗಲಿಲ್ಲ, ನಕ್ಕೆ. ಆಮೇಲೆ, ನೀವು ಎರಡು ಸಲ ಕೇಳಿದರೂ ನಿಮಗೆ ಹೇಳದೆ ಇದ್ದದ್ದನ್ನು ಅವರಿಗೆ ಹೇಳಿದೆ. ನಿಮಗೆ ಹೇಳದೆ ಇದ್ದದ್ದು ಯಾಕೆಂದರೆ, ಹೇಳಿದರೆ ದೂರಿದ ಹಾಗೆ ಆಗುತ್ತದೆ ಎಂದು.

ಕಾಲೇಜು ಸೇರಿದ ದಿನ ನಾನು ಗ್ರಂಥಾಲಯದ ಕಾರ್ಡಿಗೆಂದು ಸಾಲಿನಲ್ಲಿ ನಿಂತಿದ್ದೆ. ಬಾಗಿಲು ತಲುಪಿದ ಮೇಲೆ ಗೊತ್ತಾಯಿತು, ಅದು ಜರ್ಮನ್ ತರಗತಿಯ ಸಾಲು. ‘ತಪ್ಪಾಯಿತು, ನಾನು ಹೋಗುತ್ತೇನೆ’ ಎನ್ನಲು ಬಾಯಿ ಬೇಕಲ್ಲ, ಅದು ಇರಲಿಲ್ಲ. ಒಳಗೆ ಹೋಗಿ ಕೂತೆ. ಮನೆಯಲ್ಲಿ ಎಲ್ಲರೂ ಪಟಪಟನೆ ಮಾತಾಡುವವರು. ನಾನು ಬಾಯಿ ತೆರೆದರೆ ‘ಅಗೋ, ಮೌನಗೌರಿ ಮಾತಾಡ್ತಾಳೆ’ ಎಂದು ಎಲ್ಲರೂ ತಿರುಗಿ ಕಾದು ನೋಡುತ್ತಿದ್ದಿರಿ. ಪ್ರೀತಿಯಿಂದಲೇ. ಆದರೆ ಅಷ್ಟು ಜನ ಕಾದರೆ ಬಂದ ಮಾತೂ ಒಳಗೆ ಹೋಗುತ್ತದೆ. ಆ ತರಗತಿಯಲ್ಲಿ ಮೊದಲ ಸಲ ಎಲ್ಲರೂ ನನ್ನ ಹಾಗೆಯೇ ಇದ್ದರು. ಊರಿನ ಭಾಷಣ ಸ್ಪರ್ಧೆಗಳಲ್ಲೆಲ್ಲ ಗೆದ್ದ ಹುಡುಗನೂ ‘ನನ್ನ ಹೆಸರು’ ಎನ್ನಲು ಬೆವರುತ್ತಿದ್ದ. ಅಲ್ಲಿ ತಡವರಿಸುವುದು ದೋಷವಲ್ಲ, ಪಾಠ. ಅಲ್ಲಿ ನನಗೆ ಯಾವ ಹೆಸರೂ ಇರಲಿಲ್ಲ. ಮೆಲ್ಲಗೆ ಶುರು ಮಾಡಿದೆ, ಆ ಭಾಷೆಯಲ್ಲಿ ನನ್ನ ದನಿ ಗಟ್ಟಿಯಾಗಿಯೇ ಬೆಳೆಯಿತು.

‘ಇದಕ್ಕೇ ನಾನು ಕಲಿತದ್ದು. ಕೆಲಸ ಸಿಗುತ್ತೆ, ಓದು ಸಿಗುತ್ತೆ, ಅವೆಲ್ಲ ನಿಜ. ಆದರೆ ದೊಡ್ಡವರಾದ ಮೇಲೆ ಇನ್ನೊಂದು ಸಲ ಮಗುವಿನ ಹಾಗೆ ತೊದಲೋಕೆ ಯಾರು ಬಿಡ್ತಾರೆ? ಈ ಕೋಣೇಲಿ ಬಿಡ್ತೀವಿ. ಪಾಸಿನ ಕಿಟಕಿ ಕೆಳಗೆ ಎಡಕ್ಕಿದೆ’ ಎಂದೆ.

ಬಹಳ ಜನ ಎದ್ದು ಎಡಕ್ಕೆ ಹೋದರು. ಏಳು ಜನ ಹೋಗಲಿಲ್ಲ. ಅವರಲ್ಲಿ ಒಬ್ಬಳು ಅಂದಿನಿಂದ ಇಂದಿನ ತನಕ ಒಂದು ಮಾತೂ ಆಡಿಲ್ಲ. ನಾನು ಅವಸರ ಮಾಡಿಲ್ಲ. ಮಧ್ಯಾಹ್ನ ಒಬ್ಬ ತಾಯಿ ಮಗನ ಕೈ ಹಿಡಿದು ತಂದರು. ‘ಬಸ್ಸಿಗೆ ಕಾಯುವಾಗೆಲ್ಲ ನಿಮ್ಮ ಬೋರ್ಡು ಓದ್ತೀನಿ. ಇವನು ಯಾರ ಮಾತನ್ನೂ ಕೊನೆ ತನಕ ಕೇಳಲ್ಲ. ಸೇರಿಸಿಕೊಳ್ಳಿ’ ಎಂದರು. ಹಳೆಯ ಮೂವರು, ಈ ಎಂಟು. ಒಟ್ಟು ಹನ್ನೊಂದು.

ಕೋಣೆ ಮುಚ್ಚುವ ಹೊತ್ತಿಗೆ ಪಾಸಿನ ಗುಮಾಸ್ತರು ಏದುಸಿರು ಬಿಡುತ್ತ ಹತ್ತಿಬಂದರು. ‘ಬೆಳಿಗ್ಗೆ ನನ್ನ ಸಾಲು ಎಲ್ಲಿ ಹೋಗಿತ್ತು? ಕಿಟಕಿ ತೆಗೆದು ಕೂತೇ ಇದ್ದೆ, ಒಂದು ನರಪಿಳ್ಳೆ ಬರಲಿಲ್ಲ, ಆಮೇಲೆ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದರು. ಯಾರು ಕದ್ದಿದ್ದು?’ ಎಂದರು. ನಾನು ಕ್ಷಮೆ ಕೇಳಿದೆ. ಅವರು ಭೂಪಟ ನೋಡಿದರು, ಬೆಂಚು ನೋಡಿದರು, ಕಿಟಕಿ ಪಕ್ಕ ಕೂತು ಬೆವರು ಒರೆಸಿಕೊಂಡರು. ಅವರು ನಮ್ಮ ಸಂಜೆ ಕಾಲೇಜಿನಲ್ಲಿ ಪದವಿಗೆ ಓದುತ್ತಿದ್ದಾರಂತೆ, ಯಾರಿಗೂ ಹೇಳಿರಲಿಲ್ಲ. ‘ಇಷ್ಟು ವರ್ಷ ಎಲ್ಲರೂ ನನ್ನ ಮುಂದೆ ತಡವರಿಸಿದ್ದಾರೆ ಮೇಡಂ, ಫೋಟೊ ತಂದಿಲ್ಲ, ಮರೆತೆ, ನಾಳೆ ತರ್ತೀನಿ ಅಂತ. ನಾನೂ ಒಂದು ಕಡೆ ತಡವರಿಸಿ ನೋಡೋಣ ಅನ್ಸುತ್ತೆ’ ಎಂದರು. ಕಿಟಕಿ ಪಕ್ಕದ ಜಾಗಕ್ಕೆ ಈಗ ಇಬ್ಬರ ನಡುವೆ ಪೈಪೋಟಿ.

ಹನ್ನೆರಡು. ಪ್ರಿನ್ಸಿಪಾಲರು ಎರಡು ಸಲ ಎಣಿಸಿ ಸಹಿ ಹಾಕಿದರು. ‘ಬೋರ್ಡು ಇರಲಿ ಬಿಡಿ’ ಎಂದೂ ಹೇಳಿದರು.

ಟರ್ಪೆಂಟೈನ್ ಕಾವಲುಗಾರನಿಗೆ ಕೊಟ್ಟೆ, ಅವನ ಸೈಕಲ್ಲಿಗೆ ಬೇಕಿತ್ತಂತೆ. ಕೆಂಪು ಸಾಲು ಹಾಗೇ ಇದೆ. ಹುಡುಗರು ಈಗ ಅದನ್ನು ಓದಿ, ಆಮೇಲೆ ಮೇಲೆ ಬಂದು ನನ್ನ ದನಿ ಕೇಳಿ ನಗುತ್ತಾರೆ. ಆ ನಗು ನನಗೆ ಹಿಡಿಸಿದೆ.

ಇನ್ನೊಂದು ತೊಂದರೆ. ಗುಮಾಸ್ತರು ದಿನಾ ಬೆಳಿಗ್ಗೆ ನಿಮ್ಮ ಬಾಣವನ್ನು ಎಡಕ್ಕೆ ತಿರುಗಿಸುತ್ತಾರೆ. ಪಾಠದ ಹೊತ್ತಿಗೆ ತಾವೇ ಬಲಕ್ಕೆ ತಿರುಗಿಸಿ ಮೇಲೆ ಬರುತ್ತಾರೆ. ನಿನ್ನೆ ಗಾಳಿಗೆ ಅದು ಆಕಾಶ ತೋರಿಸುತ್ತಿತ್ತು. ಆದ್ದರಿಂದ ಪಾಸಿನ ಕಿಟಕಿಗೆ ಬೇರೆಯೇ ಒಂದು ಬೋರ್ಡು ಬೇಕಂತೆ. ಫ್ಲೆಕ್ಸ್ ಬೇಡವಂತೆ, ‘ಅದನ್ನು ಬರೆದವರೇ ಬರೀಬೇಕು’ ಎಂದಿದ್ದಾರೆ.

ನಿಮ್ಮ ಮೌನಗೌರಿ


ಆಗಸ್ಟ್ ೨

ಜರ್ಮನ್ ವಿಭಾಗದ ಮುಖ್ಯಸ್ಥರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ನಿನ್ನ ದೊಡ್ಡಮ್ಮ ಗಟ್ಟಿಯಾಗಿ ಓದಿದಳು, ನಾನು ಎದುರು ಕೂತು ಕೇಳಿದೆ. ನಡುವೆ ಎರಡು ಸಲ ಬಾಯಿ ಹಾಕಲು ಹೋದೆ, ಅವಳು ಕನ್ನಡಕದ ಮೇಲಿಂದ ನೋಡಿದಳು, ಸುಮ್ಮನಾದೆ. ಓದಿ ಮುಗಿಸಿ, ‘ಆ ಗುಮಾಸ್ತರಿಗೆ ಎಷ್ಟು ವಯಸ್ಸು’ ಎಂದು ಕೇಳಿದಳು. ಉತ್ತರ ಬರೆಯಬೇಕೋ ಬೇಡವೋ, ನಿನ್ನಿಷ್ಟ.

ಈಗ ಕೆಲಸದ ಮಾತು. ಪಾಸಿನ ಬೋರ್ಡಿಗೆ ತಗಡು ಕತ್ತರಿಸಿ ಆಗಿದೆ. ಈ ಸಲ ಗೇಟಿನ ಹೊರಗೆ ನಿಂತು, ಬಸ್ಸಿಳಿದು ಬರುವವಳ ಹಾಗೆ ಒಳಗೆ ನೋಡಿ, ಕಿಟಕಿ ಎಷ್ಟು ಹೆಜ್ಜೆ, ಎಷ್ಟು ಎತ್ತರ ಎಂದು ಬರೆದು ಕಳಿಸು. ಅವರ ಬಾಣ ನಿನ್ನದಕ್ಕಿಂತ ಒಂದು ಅಂಗುಲ ಚಿಕ್ಕದು ಮಾಡುತ್ತೇನೆ, ಅವರಿಗೆ ಹೇಳಬೇಡ. ನಿನ್ನ ಬಾಣದ ಬೋಲ್ಟಿಗೆ ಒಂದು ವಾಷರ್ ಹಾಕಿಸು.

ನಿಜವಾಗಿಯೂ ಕೈತುಂಬ ಕೆಲಸವಿದೆ. ಹಲ್ಲಿನ ಡಾಕ್ಟರು ತಮ್ಮ ಕೆಂಪು ಗುಂಡಿಯ ಕೆಳಗಿನ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಇಳಿಸಿ ಕೊಟ್ಟಿದ್ದಾರೆ. ಇದರೊಳಗೆ ಇಟ್ಟಿದ್ದೇನೆ. ಅರ್ಥವೇನೆಂದು ಬರೆ. ಅಲ್ಲಿಯ ತನಕ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ.

ಕೊನೆಗೆ ಒಂದು. ನಿನ್ನ ಗಟ್ಟಿ ದನಿ ಅಂಗಳದ ತನಕ ಕೇಳಿತು ಎಂದು ಬರೆದಿದ್ದೀಯ. ಇಷ್ಟು ವರ್ಷದಲ್ಲಿ ನಾನದನ್ನು ಒಮ್ಮೆಯೂ ಕೇಳಿಲ್ಲ. ಭಾನುವಾರ ಫೋನ್ ಮಾಡು. ನಮ್ಮ ಭಾಷೆಯಲ್ಲಿ ಬೇಡ, ಅದು ನನಗೆ ಕೇಳಿಸುವುದಿಲ್ಲ. ಜರ್ಮನಿನಲ್ಲಿ ಮಾತಾಡು, ಏನು ಬೇಕಾದರೂ ಹೇಳು, ಬೈದರೂ ಸರಿ. ನನಗೆ ಅರ್ಥವಾಗುವುದಿಲ್ಲ. ಆದರೆ ಫೋನನ್ನು ಯಾರ ಕೈಗೂ ಕೊಡುವುದಿಲ್ಲ. ಕೊನೆಯ ತನಕ ಕೇಳುತ್ತೇನೆ.

ದೊಡ್ಡಪ್ಪ